ಒಂದು ಬೆರಳು ಡೀಸೆಲ್

“ಅಪ್ಪಾ, ಕಡಿಮಿ ಆಗ್ಯಾದ! ಖರೇನ ಕಡಿಮಿ ಆಗ್ಯಾದ!”

ಸ್ಟೂಲಿನ ಮೇಲೆ ನಿಂತಿದ್ದ ಶಿವರಂಜನಿ ಕೂಗಿದ ಕೂಗಿಗೆ ಯಾರ್ಡಿನ ಗೋಡೆ ಮೇಲೆ ಕೂತಿದ್ದ ಪಾರಿವಾಳಗಳೆಲ್ಲ ಭರ್ರನೆ ಹಾರಿಹೋದವು. ಅವಳ ಒಂದು ಕೈಯಲ್ಲಿ ಲಾರಿಯ ಡೀಸೆಲ್ ಟ್ಯಾಂಕಿನ ಮುಚ್ಚಳ, ಇನ್ನೊಂದು ಕೈಯಲ್ಲಿ ಉದ್ದನೆಯ ಕಟ್ಟಿಗೆಯ ಪಟ್ಟಿ. ಪಟ್ಟಿಯ ತುದಿಯಿಂದ ಡೀಸೆಲ್ ತೊಟ್ಟಿಕ್ಕುತ್ತಿತ್ತು.

ಅಪ್ಪ ಶಾಂತಕುಮಾರ ಹಲ್ಲುಜ್ಜುತ್ತಿದ್ದವನು ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದ.

“ಎಲ್ಲಿ, ತೋರ್ಸು.”

ರಂಜು ತೋರಿಸಿದಳು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ರಂಜು ಅಂತ. ಪಟ್ಟಿಗೆ ಅವಳು ತಲೆಗೆ ಹಾಕುವ ಎರಡು ರಬ್ಬರ್ ಬ್ಯಾಂಡ್ ಸಿಕ್ಕಿಸಿದ್ದಳು. ಕೆಂಪು ರಬ್ಬರ್ ನಿನ್ನೆ ಸಂಜೆಯದು. ನಿನ್ನೆ ಸಂಜೆ ಪಟ್ಟಿ ಎಲ್ಲಿಯವರೆಗೆ ಒದ್ದೆಯಾಗಿತ್ತೋ ಸರಿಯಾಗಿ ಅಲ್ಲಿಗೆ ಅದನ್ನು ಜಾರಿಸಿ ಇಟ್ಟಿದ್ದಳು. ಈಗ ನೋಡಿದರೆ ಒದ್ದೆ ಅಂಚು ಅದಕ್ಕಿಂತ ಕೆಳಗಿತ್ತು. ಹಸಿರು ರಬ್ಬರನ್ನು ಆ ಅಂಚಿಗೆ ತಂದು, ಎರಡರ ನಡುವೆ ತನ್ನ ತೋರುಬೆರಳನ್ನು ಅಡ್ಡ ಇಟ್ಟಳು. ಬೆರಳು ಬರೋಬ್ಬರಿ ಕೂತಿತು.

“ಒಂದು ಬೆರಳಪ್ಪ. ರಾತ್ರಿ ಯಾರೋ ತಗದಾರ!”

ಈ ಅಳತೆಯ ಕೆಲಸ ರಂಜುಗೆ ಸಿಕ್ಕಿದ್ದೇ ನಿನ್ನೆ. ಶಹಾಬಾದಿನ ಅಂಚಿನಲ್ಲಿ ಅವರದು ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಷ್ ಮಾಡುವ ಯಾರ್ಡು. ಯಾರ್ಡಿನ ಒಂದು ಮೂಲೆಯಲ್ಲಿ ಮನೆ, ಇನ್ನೊಂದು ಮೂಲೆಯಲ್ಲಿ ಲಾರಿ. ಲಾರಿಯ ಡೀಸೆಲ್ ಮೀಟರ್ ಕೆಟ್ಟು ಅದರ ಮುಳ್ಳು ಮಲಗಿಬಿಟ್ಟಿತ್ತು. ಎಬ್ಬಿಸಿದರೂ ಏಳುತ್ತಿರಲಿಲ್ಲ. ಇದರ ಮೇಲೆ ವಾಡಿಯ ಚಹಾದಂಗಡಿಯಲ್ಲಿ ಯಾರೋ ಅಪ್ಪನ ಕಿವಿ ಊದಿದ್ದರು. “ಸಾವ್ಕಾರ್ರ, ನಿಂತ ಗಾಡಿಗಳ ಡೀಸೆಲ್ ಮಾಯ ಆಗ್ಲಿಕತ್ತದ. ನಿಮ್ಮದೂ ಜರಾ ನೋಡ್ಕೋರಿ,” ಎಂದಿದ್ದರು. ಅಂದಿನಿಂದ ಅಪ್ಪನ ತಲೆಯೊಳಗೆ ಹುಳ ಹೊಕ್ಕಂತಾಗಿತ್ತು.

“ಸಂಜಿಗಿ ಒಮ್ಮೆ, ಮುಂಜಾನಿ ಒಮ್ಮೆ ಅಳದು ಹೇಳಬೇಕು. ಆಗ್ತದ ನಿನಗ?” ಎಂದು ಅಪ್ಪ ಕೇಳಿದ್ದ.

“ಯಾಕ ಆಗಂಗಿಲ್ಲ? ನಾ ಈಗ ಐದನೇ ಕ್ಲಾಸ್!” ಎಂದಿದ್ದಳು ರಂಜು.

ಮೊದಲ ಅಳತೆಗೇ ಕಳ್ಳನ ಸುಳಿವು ಸಿಕ್ಕಿಬಿಟ್ಟಿದೆ! ಅವಳಿಗೆ ಸ್ಟೂಲಿನ ಮೇಲೆಯೇ ಕುಣಿಯಬೇಕು ಅನ್ನಿಸಿತು. ಪಾಲಿಷ್ ಮಶೀನಿನ ಕೆಲಸದವರೂ ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಅಪ್ಪನ ಅವ್ವ, ಆಯಿ, ಮನೆ ಬಾಗಿಲಿಗೆ ಬಂದಳು. ಎಲ್ಲರೂ ಪಟ್ಟಿಯನ್ನೇ ನೋಡುವವರು.

ಅಷ್ಟರಲ್ಲಿ ನಳದ ಕಡೆಯಿಂದ ತಮ್ಮಣ್ಣ ಕಾಕಾ ತಲೆ ಒರೆಸಿಕೊಳ್ಳುತ್ತಾ ಬಂದ.

ತಮ್ಮಣ್ಣ ಕಾಕಾ ಲಾರಿಯ ಡ್ರೈವರ್. ರಂಜು ಹುಟ್ಟುವ ಮೊದಲಿನಿಂದ ಅವನೇ ಡ್ರೈವರ್. ರಾತ್ರಿ ಲಾರಿಯ ಪಕ್ಕದಲ್ಲೇ ಹೊರಸು ಹಾಕಿಕೊಂಡು ಮಲಗುತ್ತಾನೆ. ಎಷ್ಟೋ ದಿನ ರಂಜುವನ್ನು ಲಾರಿಯಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟಿದ್ದಾನೆ. ಲಾರಿಯ ಹಾರ್ನ್ ಒತ್ತಲು ಬಿಡುವ ಒಬ್ಬನೇ ಒಬ್ಬ ದೊಡ್ಡ ಮನುಷ್ಯ ಅಂದರೆ ಅವನೇ.

ಅಪ್ಪ ಬಾಯಿ ಮುಕ್ಕಳಿಸಿ ಬಂದು ನಿಂತ. ಮುಖ ಗಂಟು ಹಾಕಿಕೊಂಡಿದ್ದ.

“ತಮ್ಮಣ್ಣ, ಟ್ಯಾಂಕಿಗಿ ರಾತ್ರಿ ಕೀಲಿ ಹಾಕಿತ್ತೋ ಇಲ್ಲೋ?”

“ಹಾಕಿತ್ರೀ. ಈಗ ಕೂಸು ಅಳೀಬೇಕಂದಳಂತ ನಾನ ತಗದುಕೊಟ್ಟು ಹೋದೆ.”

“ಚಾವಿ ಯಾರ ಹತ್ರ ಇತ್ತು?”

“ನನ್ನ ಉಡದಾರಕ್ಕ. ಯಾಕ್ರೀ?”

“ಒಂದು ಬೆರಳು ಡೀಸೆಲ್ ಇಲ್ಲ.”

ರಂಜುಗೆ ಆಗ ಹೊಳೆಯಿತು. ಟ್ಯಾಂಕಿಗೆ ಕೀಲಿ ಇತ್ತು. ಚಾವಿ ಇದ್ದದ್ದು ಕಾಕಾನ ಹತ್ತಿರ ಮಾತ್ರ. ಹಾಗಾದರೆ ಕಳ್ಳ ಅಂದರೆ… ಅಯ್ಯೋ ದೇವರೇ! ಕುಣಿಯಬೇಕೆಂದಿದ್ದ ಕಾಲು ತಣ್ಣಗಾಯಿತು. ಅವಳು ಸದ್ದಿಲ್ಲದೆ ಸ್ಟೂಲಿನಿಂದ ಇಳಿದಳು.

ಕಾಕಾ ಪಟ್ಟಿಯನ್ನು ಕೈಗೆ ತೆಗೆದುಕೊಂಡು ನೋಡಿದ. ಕೆಂಪು ರಬ್ಬರ್ ನೋಡಿದ, ಹಸಿರು ರಬ್ಬರ್ ನೋಡಿದ. ಆಮೇಲೆ ಪಟ್ಟಿಯನ್ನು ಲಾರಿಗೆ ಆನಿಸಿ ಇಟ್ಟ.

“ಅಳತಿ ಕೂಸಿಂದು. ಕೂಸು ಸುಳ್ಳು ಹೇಳಂಗಿಲ್ಲ,” ಎಂದ. “ಆದರ ಸಾವ್ಕಾರ್ರ, ನಾನೂ ಹೇಳಂಗಿಲ್ಲ. ಡೀಸೆಲ್ ನಾ ಮುಟ್ಟಿಲ್ಲ.”

“ಮತ್ತ ಎಲ್ಲಿ ಹೋತು? ರೆಕ್ಕಿ ಬಂದು ಹಾರಿತೇನು?” ಅಪ್ಪನ ದನಿ ಏರಿತು. “ಇನ್ನ ಮ್ಯಾಲ ಟ್ಯಾಂಕಿನ ಚಾವಿ ಮನ್ಯಾಗ ಇರ್ಲಿ. ಇಲ್ಲಿ ಕೊಡು.”

ಕಾಕಾ ಉಡದಾರದಿಂದ ಚಾವಿ ಬಿಚ್ಚಿದ. ಗಂಟು ಹಳೆಯದು, ಬೇಗ ಬಿಚ್ಚಲಿಲ್ಲ. ಎಲ್ಲರೂ ನೋಡುತ್ತಾ ನಿಂತಿದ್ದರು. ಕೊನೆಗೆ ಚಾವಿಯನ್ನು ಅಪ್ಪನ ಅಂಗೈಯಲ್ಲಿ ಇಟ್ಟ.

“ಇವತ್ತಿನ ಲೋಡ್ ಚಿಂಚೋಳಿಗಿ ಮುಟ್ಟಸ್ತೀನಿ. ನಾಳಿ ಅಮಾಸಿ. ಗಾಡಿ ಪೂಜಾ ಮಾಡಿ ನಮ್ಮೂರು ತೆಂಗಳಿಗಿ ಹೋಗ್ತೀನ್ರಿ. ನೀವು ಬ್ಯಾರೆ ಡ್ರೈವರ್‌ನ ನೋಡ್ಕೋರಿ.”

“ನಿನ್ನ ಮರ್ಜಿ,” ಎಂದ ಅಪ್ಪ. ಅಂದದ್ದೇನೋ ಅಂದ, ಆದರೆ ಅವನ ಮುಖವೂ ಸಣ್ಣದಾಯಿತು.

ಲಾರಿ ಹೊರಟಿತು. ಗೇಟು ದಾಟುವಾಗ ದಿನಾ ಹೊಡೆಯುವ ಹಾರ್ನ್ ಅಂದು ಹೊಡೆಯಲೇ ಇಲ್ಲ.

*

ಬಿಸಿಲುಕಾಲ ಶುರುವಾಗಿತ್ತು. ಶಾಲೆ ಬರೀ ಮುಂಜಾನೆ ಹೊತ್ತು. ಸಣ್ಣ ಸೂಟಿಯಲ್ಲಿ ಬೇವಿನ ಗಿಡದ ಕೆಳಗೆ ಡಬ್ಬಿ ಬಿಚ್ಚಿದಾಗ ಗೆಳತಿ ಮೈತ್ರಿ ಜಿಗಿಯುತ್ತಾ ಬಂದಳು.

“ಏ ರಂಜು, ನೀ ಕಳ್ಳನ್ನ ಹಿಡಿದ್ಯಂತ! ಸೂಪರ್ ಬಿಡು!”

“ಯಾರ ಹೇಳಿದ್ರು?”

“ನಮ್ಮ ಪಪ್ಪಾ. ನಿಮ್ಮ ಪಾಲಿಷ್ ಮಶೀನಿನವ್ರು ಅವರಿಗಿ ಹೇಳಿದ್ರಂತ. ನಿಮ್ಮ ಡ್ರೈವರ್ ಡೀಸೆಲ್ ಕಳ್ಳಂತಲ್ಲ?”

“ಹಂಗೇನಿಲ್ಲ!” ರಂಜು ಸಿಡುಕಿದಳು. “ನಾ ಕಡಿಮಿ ಆಗ್ಯಾದ ಅಂದೆ, ಅಷ್ಟ. ಕಾಕಾ ಕಳ್ಳ ಅಂತ ನಾ ಎಲ್ಲಿ ಅಂದೆ?”

“ಎರಡೂ ಒಂದ ಅಲ್ಲೇನು?” ಎಂದು ಮೈತ್ರಿ ಅವಳ ಡಬ್ಬಿಯಿಂದ ಒಂದು ಮುಷ್ಟಿ ಮಂಡಕ್ಕಿ ಸುಸಲಾ ಬಾಯಿಗೆ ಹಾಕಿಕೊಂಡಳು.

ಬಾಯಿಬಿಟ್ಟು ರಂಜು ಕಾಕಾನನ್ನು ಕಳ್ಳ ಅಂದಿರಲಿಲ್ಲ, ನಿಜ. ಆದರೆ ಸ್ಟೂಲಿನ ಮೇಲೆ ನಿಂತಾಗ ಒಂದು ಕ್ಷಣ ಮನಸ್ಸು ಏನೆಂದಿತ್ತು? ಅದು ನೆನಪಾದ ಮೇಲೆ ಸುಸಲಾ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಡಬ್ಬಿ ಪೂರ್ತಿ ಮೈತ್ರಿಯ ಪಾಲಾಯಿತು.

*

ಸಂಜೆ ಲಾರಿ ಬಂತು. ಕಾಕಾ ದಿನಾ ನಿಲ್ಲಿಸುವ ಜಾಗದಲ್ಲೇ ಅದನ್ನು ನಿಲ್ಲಿಸಿ, ಲಾರಿಯ ಚಾವಿಯನ್ನು ಕಿಟಕಿಯ ಕಟ್ಟೆ ಮೇಲೆ ಇಟ್ಟು, “ತಂಗಿ ಮನಿಗಿ ಹೋಗ್ತೀನ್ರಿ. ರಾತ್ರಿ ಅಲ್ಲೇ ಮಲಗ್ತೀನಿ,” ಎಂದು ಯಾರ ಮುಖವನ್ನೂ ನೋಡದೆ ಹೊರಟುಹೋದ.

“ಬಾ, ಅಳಿ,” ಎಂದ ಅಪ್ಪ.

ರಂಜುಗೆ ಪಟ್ಟಿ ಮುಟ್ಟುವ ಮನಸ್ಸೇ ಇರಲಿಲ್ಲ. ಆದರೂ ಸ್ಟೂಲು ಹತ್ತಿದಳು. ಪಟ್ಟಿ ಇಳಿಸಿ ಮೇಲೆತ್ತುವಾಗ ಒಂದು ಹನಿ ಅವಳ ಮಣಿಕಟ್ಟಿನ ಮೇಲೆ ಬಿತ್ತು.

“ಅಯ್ಯಯ್ಯೋ, ಸುಡ್ತದ!”

“ಈ ಬಿಸಲಾಗ ಚಿಂಚೋಳಿಗಿ ಹೋಗಿ ಬಂದದ. ಬಿಸಿ ಇರಲಾರದ ಏನು ಐಸ್ ಇರ್ತದ? ಹೋಗು, ಸಾಬೂನು ಹಚ್ಚಿ ತೊಳಕೋ,” ಎಂದು ಅಪ್ಪ ಗದರಿದ.

ಎಷ್ಟು ಬಿಸಿ ಇರಬಹುದು? ಕೈ ತೊಳೆಯಲು ಒಳಗೆ ಹೋದವಳು ಬರುವಾಗ ಜ್ವರ ನೋಡುವ ಥರ್ಮಾಮೀಟರ್ ಎತ್ತಿಕೊಂಡು ಬಂದಳು. ಅದರ ತುದಿಯನ್ನು ಟ್ಯಾಂಕಿನ ಮೈಗೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಅದು ಕೀಂ ಕೀಂ ಎಂದು ಕೂಗಿ ಅಂಕಿಯ ಬದಲು ಎಚ್ ಅಂತ ತೋರಿಸಿತು. ಎಚ್ ಅಂದರೆ ಹೈ. ಜ್ವರದ ಮಶೀನಿಗೆ ಇಷ್ಟು ಬಿಸಿಯ ಲೆಕ್ಕವೇ ಗೊತ್ತಿಲ್ಲ!

ಮಮ್ಮಿ ಬಾಗಿಲಲ್ಲಿ ನಿಂತು ನೋಡಿ ನಕ್ಕಳು. “ಏನವ್ವ ಡಾಕ್ಟರಮ್ಮ, ಲಾರಿಗಿ ಜ್ವರ ಬಂದವೇನು? ಗುಳಿಗಿ ಕೊಡೋಣ?”

ರಂಜುಗೂ ನಗು ಬಂತು. ಇಡೀ ದಿನದಲ್ಲಿ ಅವಳು ನಕ್ಕಿದ್ದು ಅದೊಂದೇ ಸಲ.

ಕೆಂಪು ರಬ್ಬರನ್ನು ಹೊಸ ಒದ್ದೆ ಅಂಚಿಗೆ ಜಾರಿಸಿದಳು. ಅಪ್ಪ ಟ್ಯಾಂಕಿಗೆ ಕೀಲಿ ಹಾಕಿ, ಎಳೆದು ನೋಡಿ, ಚಾವಿಯನ್ನು ಆಯಿಯ ಕೈಗೆ ಕೊಟ್ಟ. ಆಯಿ ಅದನ್ನು ಸೊಂಟದ ಸಂಚಿಯಲ್ಲಿ ಎಲೆ ಅಡಿಕೆಯ ಜೊತೆ ಹಾಕಿಕೊಂಡಳು. ಆಯಿಯ ಸಂಚಿ ಅಂದರೆ ಬ್ಯಾಂಕಿನ ಲಾಕರಿಗಿಂತ ಗಟ್ಟಿ. ರಾತ್ರಿ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡೇ ಅವಳು ಮಲಗುವುದು.

*

ಮರುದಿನ ಭಾನುವಾರ. ಬಿಸಿಲು ಏರುವ ಮೊದಲೇ ಅಪ್ಪ, ಮಗಳು ಟ್ಯಾಂಕಿನ ಮುಂದೆ ನಿಂತಿದ್ದರು. ರಂಜು ಪಟ್ಟಿ ಇಳಿಸಿ ಎತ್ತಿ, ಹಸಿರು ರಬ್ಬರನ್ನು ಒದ್ದೆ ಅಂಚಿಗೆ ಜಾರಿಸಿದಳು.

ಕೆಂಪು ರಬ್ಬರಿನ ಕೆಳಗೆ ಮತ್ತೆ ಒಂದು ಬೆರಳು!

“ಹೆಂಗ ಸಾಧ್ಯ?” ಎಂದು ಅಪ್ಪ ಪಟ್ಟಿಯನ್ನು ಕಸಿದುಕೊಂಡು ತಾನೇ ಅಳೆದ. ಅದೇ ಒಂದು ಬೆರಳು. ಕೀಲಿ ಹಾಗೇ ಇತ್ತು. ಟ್ಯಾಂಕಿನ ಕೆಳಗೆ ಬಗ್ಗಿ ನೋಡಿದ. ನೆಲಕ್ಕೆ ಹಾಸಿದ್ದು ಪರಸಿ ಕಲ್ಲು, ಒಂದು ಹನಿ ಎಣ್ಣೆ ಬಿದ್ದರೂ ಕಪ್ಪು ಕಲೆ ಕಾಣಬೇಕು. ಕಲ್ಲು ಒಣಗಿ ಸ್ವಚ್ಛವಾಗಿತ್ತು.

“ಅವ್ವಾ! ಚಾವಿ ರಾತ್ರಿ ಯಾರಿಗರ ಕೊಟ್ಟಿದ್ದೇನು?”

ಆಯಿ ಒಳಗಿನಿಂದ ಬಂದಳು. “ಯಾರಿಗಿ ಕೊಡ್ಲಿ? ನನ್ನ ತಲಿ ಬುಡಕ ಇತ್ತು.”

“ಮತ್ತ ಡೀಸೆಲ್ ಕಡಿಮಿ ಆಗ್ಯಾದಲ್ಲ!”

“ಅಂದರ? ನಾ ಕುಡದೆ ಅಂತಿಯೇನು?” ಆಯಿ ಸೊಂಟದ ಮೇಲೆ ಕೈ ಇಟ್ಟಳು. “ನೋಡಪ್ಪ, ಮೂಸಿ ನೋಡು ನನ್ನ ಬಾಯಿ! ಮೊಣಕಾಲು ನೋವಿಗಿ ಡೀಸೆಲ್ ಕುಡೀಬೇಕಂತ ಯಾವ ಡಾಕ್ಟರ್ ಹೇಳ್ಯಾನ? ನಿನ್ನಿ ತಮ್ಮಣ್ಣ ಕಳ್ಳ, ಇವತ್ತ ಹೆತ್ತವ್ವ ಕಳ್ಳಿ. ನಾಳಿ ಯಾರು, ಮನಿ ಬೆಕ್ಕೇನು?”

ಮಮ್ಮಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅಪ್ಪ ನಗಲಿಲ್ಲ. ತಲೆ ಕೆರೆದುಕೊಂಡ. “ಏನೋ ಗಡಬಡ ಅದ. ಏನಂತ ತಿಳೀವಲ್ದು,” ಎಂದು ಒಳಗೆ ಹೋದ.

ರಂಜು ಅಲ್ಲೇ ನಿಂತಳು. ರಾತ್ರಿ ಕಾಕಾ ಇಲ್ಲಿ ಇರಲೇ ಇಲ್ಲ. ಚಾವಿಯೂ ಅವನ ಹತ್ತಿರ ಇರಲಿಲ್ಲ. ಆದರೂ ಡೀಸೆಲ್ ಇಳಿದಿದೆ. ಹಾಗಾದರೆ ಮೊನ್ನೆ ರಾತ್ರಿಯೂ ಕಾಕಾ ತೆಗೆದಿಲ್ಲ! ಖುಷಿ ಆಯಿತು, ನಾಚಿಕೆಯೂ ಆಯಿತು. ಆದರೆ ಅಪ್ಪನಿಗೆ ಏನಂತ ಹೇಳುವುದು? ಡೀಸೆಲ್ ಎಲ್ಲಿ ಹೋಯಿತು ಅಂತ ಹೇಳದಿದ್ದರೆ ಅಪ್ಪ ಒಪ್ಪುವವನಲ್ಲ.

ಟ್ಯಾಂಕಿನ ಮೇಲೆ ಕೈ ಇಟ್ಟಳು. ತಣ್ಣಗೆ, ಮಣ್ಣಿನ ಗಡಿಗೆಯ ಹಾಗೆ ಇತ್ತು. ಥರ್ಮಾಮೀಟರ್ ತಂದು ಒತ್ತಿದಳು. ಈಗ ಅದು ಎಲ್ ಅಂತ ತೋರಿಸಿತು. ಎಲ್ ಅಂದರೆ ಲೋ.

ಸಂಜೆ ಹೈ, ಮುಂಜಾನೆ ಲೋ.

ರಂಜು ಪಟ್ಟಿಯ ಕಡೆ ನೋಡಿದಳು. ಸಂಜೆಯ ಕೆಂಪು ರಬ್ಬರ್ ಮೇಲೆ. ಮುಂಜಾನೆಯ ಹಸಿರು ರಬ್ಬರ್ ಕೆಳಗೆ. ಏನೋ ಹೊಳೆದಂತಾಯಿತು, ಆದರೆ ಪೂರ್ತಿ ಕೈಗೆ ಸಿಗಲಿಲ್ಲ.

*

ಅಮಾವಾಸ್ಯೆಯ ದಿನ ಅವರ ಲಾರಿ ರಸ್ತೆಗೆ ಇಳಿಯುವುದಿಲ್ಲ. ಎಂಥ ಅರ್ಜೆಂಟ್ ಲೋಡ್ ಇದ್ದರೂ ಅಷ್ಟೇ. ಅಂದು ಲಾರಿಗೆ ಸ್ನಾನ, ಪೂಜೆ, ರಜೆ.

ಹೇಳಿದ ಮಾತಿನಂತೆ ಕಾಕಾ ಪೂಜೆಗೆ ಬಂದ. ಲಾರಿ ತೊಳೆದ, ವಿಭೂತಿ ಬಳಿದ, ಹೂವಿನ ಹಾರ ಹಾಕಿದ. ಹೊಸ ಮೆಣಸಿನಕಾಯಿ ಲಿಂಬೆಹಣ್ಣಿನ ಸರ ಕಟ್ಟಿದ. ಕಾಯಿ ಒಡೆದ. ಆದರೆ ಲಾರಿಯನ್ನು ಒಂದು ಇಂಚೂ ಕದಲಿಸಲಿಲ್ಲ. ರಂಜು ಹತ್ತಿರ ಹೋದಾಗ ಅವಳ ಕೈಗೆ ಕೊಬ್ಬರಿ ಚೂರು ಕೊಟ್ಟ.

“ಕಾಕಾ, ಖರೇನ ಹೋಗ್ತಿಯೇನು?”

“ಹ್ಞೂಂ ತಾಯಿ. ಮಧ್ಯಾಹ್ನದ ಬಸ್ಸಿಗಿ.”

ಅಪ್ಪ ಪಡಸಾಲೆಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದ. ಕಾಕಾನನ್ನು ಕರೆಯಬೇಕೆಂದು ಎರಡು ಸಲ ಬಾಯಿ ತೆರೆದ, ಎರಡು ಸಲವೂ ಮುಚ್ಚಿದ. ಕಾಕಾ ತಂಗಿ ಮನೆಯಿಂದ ಬ್ಯಾಗು ತರುತ್ತೇನೆಂದು ಹೊರಟುಹೋದ.

ಊಟದ ಹೊತ್ತಿಗೆ ಬಿಸಿಲೋ ಬಿಸಿಲು. ಶಹಾಬಾದಿನ ಬಿಸಿಲಿಗೆ ಕಲ್ಲೂ ಕಣ್ಣು ಮುಚ್ಚಬೇಕು. ಹೋಳಿಗೆ ಉಂಡು ಮನೆಯವರೆಲ್ಲ ಫ್ಯಾನಿನ ಕೆಳಗೆ ಅಡ್ಡಾದರು. ರಂಜು ಮಾತ್ರ ಕಿಟಕಿಯಿಂದ ಲಾರಿಯನ್ನೇ ನೋಡುತ್ತಿದ್ದಳು. ಹಾರ ಬಾಡಿಹೋಗಿತ್ತು. ಟ್ಯಾಂಕಿನ ಮೇಲೆ ನೇರ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು.

ಈಗ ಅದು ಬಿಸಿಯಾಗಿರಬೇಕಲ್ಲವೇ?

“ಆಯಿ, ಆಯಿ, ಚಾವಿ ಕೊಡು.”

“ಯಾಕ? ನಾ ಮತ್ತ ಕುಡದೀನೇನು ಅಂತ ನೋಡ್ಲಿಕ್ಕೇನು?” ಆಯಿ ಗೊಣಗುತ್ತಲೇ ಸಂಚಿ ಬಿಚ್ಚಿ ಚಾವಿ ಕೊಟ್ಟಳು.

ರಂಜು ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಓಡಿದಳು. ಮುಚ್ಚಳ ಸುಡುತ್ತಿತ್ತು. ಟವೆಲಿನ ತುದಿಯಲ್ಲಿ ಹಿಡಿದು ತಿರುಗಿಸಿದಳು. ಪಟ್ಟಿಯನ್ನು ಒರೆಸಿ, ನೆಟ್ಟಗೆ ಒಳಗೆ ಇಳಿಸಿ, ಮೆಲ್ಲಗೆ ಎತ್ತಿದಳು.

ಒದ್ದೆ ಅಂಚು ಹಸಿರು ರಬ್ಬರಿಗಿಂತ ಅರ್ಧ ಬೆರಳು ಮೇಲೆ ಇತ್ತು!

ತಪ್ಪಿರಬೇಕೆಂದು ಒರೆಸಿ ಮತ್ತೆ ಅದ್ದಿದಳು. ಮತ್ತೆ ಅಷ್ಟೇ. ಮುಂಜಾನೆಯಿಂದ ಲಾರಿ ಅಲುಗಾಡಿಲ್ಲ. ಯಾರೂ ಡೀಸೆಲ್ ತಂದು ಹಾಕಿಲ್ಲ. ಕಳ್ಳನೇನು ಕದ್ದದ್ದನ್ನು ತಿರುಗಿ ತಂದು ಹಾಕುತ್ತಾನೆಯೇ?

ಆಗ ಹೊಳೆಯಿತು. ಈ ಸಲ ಪೂರ್ತಿ ಹೊಳೆಯಿತು.

“ಅಪ್ಪಾ! ಏಳಪ್ಪಾ! ಲಗೂ ಬಾ!”

ಅಪ್ಪ ಲುಂಗಿ ಬಿಗಿದುಕೊಳ್ಳುತ್ತಾ ಬಂದ. ನೋಡಿದ. ತಾನೇ ಪಟ್ಟಿ ಅದ್ದಿದ. ಕನ್ನಡಕ ತರಿಸಿಕೊಂಡು ಮತ್ತೊಮ್ಮೆ ಅದ್ದಿದ.

“ಏರ್ಯಾದಲ್ಲೋ ಇದು!”

“ಹ್ಞಾಂ! ಬಿಸಿ ಆದರ ಡೀಸೆಲ್ ಏರ್ತದಪ್ಪ. ತಣ್ಣಗಾದರ ಇಳೀತದ. ಸಂಜಿಗಿ ಗಾಡಿ ಓಡಿ ಬಂದಾಗ ಭಾಳ ಬಿಸಿ ಇರ್ತದ, ಆವಾಗ ಅಳದ್ವಿ. ಮುಂಜಾನಿ ತಣ್ಣಗಿರ್ತದ, ಆವಾಗ ಅಳದ್ವಿ. ಇವತ್ತ ಬರೀ ಬಿಸಲಾಗ ನಿಂತದ, ಅದಕ್ಕ ಅರ್ಧ ಬೆರಳು ಅಷ್ಟ ಏರ್ಯಾದ.” ರಂಜು ಒಂದೇ ಉಸಿರಿನಲ್ಲಿ ಹೇಳಿದಳು. “ಯಾರೂ ಕದ್ದಿಲ್ಲಪ್ಪ. ಡೀಸೆಲ್ ಎಲ್ಲಾ ಟ್ಯಾಂಕಿನ್ಯಾಗೇ ಅದ!”

ಅಪ್ಪ ಲಾರಿಯ ಮೆಟ್ಟಿಲ ಮೇಲೆ ಕುಸಿದು ಕೂತ. ಮೆಟ್ಟಿಲು ಕಾದಿತ್ತು, ತಟ್ಟನೆ ಮೇಲೆದ್ದ.

“ಛೇ, ಎಂಥಾ ಕೆಲಸ ಆತು. ಇಷ್ಟು ವರ್ಷದ ಮನುಷ್ಯನಿಗಿ ನಾಲ್ಕು ಮಂದಿ ಮುಂದ ಏನೇನೋ ಅಂದೆ,” ಎಂದ. ಕನ್ನಡಕ ತೆಗೆದು ಒರೆಸುತ್ತಾ, “ನಾಳಿ ಫೋನ್ ಹಚ್ಚಿ ಹೇಳ್ತೀನಿ,” ಎಂದ.

“ನಾಳಿ ಯಾಕಪ್ಪ? ಕಾಕಾ ಇವತ್ತ ಹೋಗ್ಲಿಕತ್ತಾನಲ್ಲ!”

ಆಯಿ ಬಾಗಿಲಿನಿಂದಲೇ ಗುಡುಗಿದಳು. “ಬೈಲಿಕ್ಕ ಮಂದಿ ಮುಂದ ನಿಂತಿದ್ದಿ. ತಪ್ಪಾತು ಅನ್ಲಿಕ್ಕ ಫೋನ್ ಬೇಕೇನು ನಿನಗ? ಎದ್ದು ನಡಿ!”

ಅಪ್ಪ ಪ್ಯಾಂಟು ಹಾಕಿಕೊಂಡು ಬಂದು ಬೈಕಿಗೆ ಕಿಕ್ ಹೊಡೆದ. ರಂಜು ಹಿಂದೆ ಹತ್ತಿ ಕೂತಳು.

*

ಬಸ್ ಸ್ಟ್ಯಾಂಡಿನಲ್ಲಿ ಕಾಕಾ ಕಲ್ಲು ಬೆಂಚಿನ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಬಸ್ಸು ಇನ್ನೂ ಬಂದಿರಲಿಲ್ಲ. ರಂಜು ಬೈಕ್ ನಿಲ್ಲುವ ಮೊದಲೇ ಜಿಗಿದು ಓಡಿದಳು.

“ಕಾಕಾ, ಹೋಗಬ್ಯಾಡ! ಡೀಸೆಲ್ ಯಾರೂ ಕದ್ದಿಲ್ಲ!”

ಸುತ್ತ ಕೂತ ಜನ ತಿರುಗಿ ನೋಡಿದರು. ಅಪ್ಪ ಹತ್ತಿರ ಬಂದು ನಿಂತ. ಕೈಯಲ್ಲಿದ್ದ ಬೈಕಿನ ಚಾವಿಯನ್ನು ಎರಡು ಸಲ ತಿರುಗಿಸಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ.

“ತಪ್ಪಾತು ತಮ್ಮಣ್ಣ. ನಿನ್ನ ಮ್ಯಾಲ ಸಂಶಯ ಪಟ್ಟಿದ್ದು ನನ್ನ ತಪ್ಪು. ಮನಸಿಗಿ ಹಚ್ಕೋಬ್ಯಾಡ.”

ಕಾಕಾ ನೆಲ ನೋಡಿದ. “ಇರ್ಲಿ ಬಿಡ್ರಿ ಸಾವ್ಕಾರ್ರ,” ಎಂದ. ಆಮೇಲೆ ತಲೆ ಎತ್ತಿ, “ಮತ್ತ ಡೀಸೆಲ್ ಎಲ್ಲಿ ಹೋಗಿತ್ತು?” ಎಂದು ಕೇಳಿದ.

ರಂಜು ಕೈಯಿಂದ ಟ್ಯಾಂಕು ಮಾಡಿ, ಬೆರಳಿಂದ ಪಟ್ಟಿ ಮಾಡಿ, ಎಲ್ಲವನ್ನೂ ವಿವರಿಸಿದಳು. ಎಚ್ ಮತ್ತು ಎಲ್ ಬಂದದ್ದನ್ನೂ ಹೇಳಿದಳು. ಕಾಕಾ ಬಾಯಿ ತೆರೆದುಕೊಂಡು ಕೇಳಿದ.

“ಎಲಾ ಇದರ! ಡೀಸೆಲ್ ಬಿಸಿ ಆಗ್ತದಂತ ನನಗ ಗೊತ್ತಿತ್ತು. ಎಂಜಿನ್ನು ಬಂದ ಡೀಸೆಲ್ ಎಲ್ಲಾ ಕುಡಿಯಂಗಿಲ್ಲ ನೋಡು. ಕುಡಿದು ಉಳಿದಿದ್ದು ಕಾದು ಪೈಪಿನ್ಯಾಗಿಂದ ವಾಪಸ್ ಟ್ಯಾಂಕಿಗೇ ಬರ್ತದ. ಸಂಜಿತನಕ ಹಿಂಗ ತಿರುಗಿ ತಿರುಗಿ ಟ್ಯಾಂಕು ಮುಟ್ಟಲಾರದಷ್ಟು ಸುಡ್ತದ. ಆದರ ಅದು ಉಬ್ಬಿ ಏರ್ತದಂತ ನನಗೂ ಹೊಳೀಲಿಲ್ಲವ್ವ!” ಕಾಕಾ ಜೋರಾಗಿ ನಕ್ಕ. ಅಪ್ಪನೂ ನಕ್ಕ. ಪಕ್ಕದಲ್ಲಿ ಕೂತಿದ್ದ ಅಜ್ಜ, ಏನೂ ತಿಳಿಯದಿದ್ದರೂ, ತಾನೂ ನಕ್ಕ.

ಅಪ್ಪ ಚಹಾ ತರಲು ಹೋದ. ಕಾಕಾ ರಂಜುವನ್ನು ಪಕ್ಕದಲ್ಲಿ ಕೂರಿಸಿಕೊಂಡ.

“ಖರೆ ಹೇಳು. ಆವತ್ತ ಸ್ಟೂಲ್ ಮ್ಯಾಲ ನಿಂತಾಗ ನಾನ ಕದ್ದೀನಂತ ಅನಿಸಿತ್ತೇನು ನಿನಗ?”

ಇಲ್ಲ ಅನ್ನಬೇಕೆಂದು ರಂಜುವಿನ ನಾಲಿಗೆ ತುದಿಗೆ ಬಂದಿತ್ತು. ಆದರೆ ಕಾಕಾ ಅವಳ ಕಣ್ಣನ್ನೇ ನೋಡುತ್ತಿದ್ದ.

“ಹ್ಞೂಂ,” ಎಂದಳು. “ಜರಾಸೇ.” ಅವಳ ಕಣ್ಣು ತುಂಬಿಬಂತು.

“ಅಳಬ್ಯಾಡ. ನನಗೂ ನಿನ್ನ ಮ್ಯಾಲ ಸಂಶಯ ಬಂದಿತ್ತು.”

“ನನ್ನ ಮ್ಯಾಲ? ಏನಂತ?”

“ಆಟ ಆಡ್ಕೋತ ನೀನ ಕೆಂಪು ರಬ್ಬರ್ ಮ್ಯಾಲ ಜಾರಿಸೀದಿ, ಅಪ್ಪ ಬೈತಾನಂತ ಅಂಜಿ ಮುಚ್ಚಿಟ್ಟೀದಿ ಅಂತ!”

ರಂಜು ಅಳುವುದನ್ನು ಮರೆತು ಎದ್ದು ನಿಂತಳು. “ನಾ ಹಂಗ ಮಾಡೇ ಇಲ್ಲ!”

“ಗೊತ್ತಾತು ಮಾರಾಯ್ತಿ, ಈಗ ಗೊತ್ತಾತು!” ಕಾಕಾ ಕೈ ಮುಗಿದ. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಚಹಾ ಕುಡಿದು ಮುಗಿಯುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಯಿತು. ಕಾಕಾ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡ.

“ಅಯ್ಯ, ಮತ್ತ ಹೋಗ್ತಿಯಾ?” ಎಂದಳು ರಂಜು ಗಾಬರಿಯಿಂದ.

“ನಮ್ಮವ್ವ ಹೋಳಿಗಿ ಮಾಡಿಕೊಂಡು ಹಾದಿ ನೋಡ್ಕೋತ ಕುಂತಾಳ. ಹೋಗಿ ಉಂಡು, ನಾಳಿ ನಸುಕಿನ ಬಸ್ಸಿಗಿ ಬರ್ತೀನಿ. ಸಾವ್ಕಾರ್ರ, ಸೇಡಂ ಲೋಡ್ ತಯಾರ ಇಡ್ರಿ.”

“ಇಡ್ತೀನಿ. ಲಗೂ ಬಾ,” ಎಂದ ಅಪ್ಪ.

ಬಸ್ಸು ಹೋಯಿತು. ಬೈಕು ಮನೆಯ ಕಡೆ ತಿರುಗಿತು. ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ರಂಜುಗೆ ಹಾಯೆನಿಸಿತ್ತು. ಕಾಕಾನ ಮಾತು ನೆನಪಾಗಿ ಮತ್ತೆ ಮತ್ತೆ ನಗು ಬರುತ್ತಿತ್ತು. ನಾನು ರಬ್ಬರ್ ಜಾರಿಸಿದೆನಂತೆ!

ಲೆವೆಲ್ ಕ್ರಾಸಿಂಗಿನ ಗೇಟು ಹಾಕಿತ್ತು. ಅಪ್ಪ ಬೈಕ್ ನಿಲ್ಲಿಸಿದ. ಕಲ್ಲು ತುಂಬಿದ ಗೂಡ್ಸ್ ರೈಲು ನಿಧಾನವಾಗಿ ಹೋಗುತ್ತಿತ್ತು. ಡಬ್ಬಿಗಳನ್ನು ನೋಡುತ್ತಾ ಕೂತ ರಂಜುವಿನ ನಗು ಮೆಲ್ಲಗೆ ನಿಂತಿತು.

ಕಾಕಾನಿಗೆ ಹಾಗೆ ಅನಿಸಿತ್ತಲ್ಲ, ಮತ್ತೆ ಅವನು ಅದನ್ನು ಆವತ್ತೇ ಯಾಕೆ ಹೇಳಲಿಲ್ಲ? ಎಲ್ಲರೂ ಸುತ್ತ ನಿಂತಿದ್ದರು. “ಹುಡುಗಿ ರಬ್ಬರ್ ಜಾರಿಸಿರಬೇಕ್ರಿ” ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಅಪ್ಪ ಅವಳಿಗೇ ಬೈಯುತ್ತಿದ್ದ. ಕಾಕಾ ಚಾವಿ ಬಿಚ್ಚಿ ಕೊಡಬೇಕಾಗಿರಲಿಲ್ಲ. ಅವನ ಹೆಸರು ಕೆಡುತ್ತಿರಲಿಲ್ಲ. ಆ ಮಾತು ಅವನ ಬಾಯಲ್ಲಿ ಇತ್ತು. ಆದರೆ ಅವನು ಅಂದದ್ದು, ಕೂಸು ಸುಳ್ಳು ಹೇಳುವುದಿಲ್ಲ ಅಂತ.

ರೈಲು ದಾಟಿತು. ಗೇಟು ತೆರೆಯಿತು.

“ಯಾಕ ರಂಜು, ಸುಮ್ಮನಾದಿ?” ಎಂದು ಅಪ್ಪ ಕೇಳಿದ.

“ಅಪ್ಪಾ, ನಾಳಿ ನಾ ಶಾಲಿಗಿ ಲಾರಿದಾಗ ಹೋಗ್ತೀನಿ. ಮದಲ ಮೈತ್ರಿ ಮನಿ ಮುಂದ ನಿಲ್ಲಸು ಅಂತ ಕಾಕಾಗ ಹೇಳು.”

“ಅಕಿ ಮನಿ ಮುಂದ ಯಾಕ?”

“ಡೀಸೆಲ್ ಯಾರೂ ಕದ್ದಿಲ್ಲಂತ ಅಕಿ ಪಪ್ಪಾಗ ಹೇಳೋದದ,” ಎಂದಳು ರಂಜು. “ಕಾಕಾನ ಮುಂದನ ಹೇಳ್ತೀನಿ.”